ಖಾನಾಪುರದ ನಲವತ್ತೊಂದು ಫೈಲುಗಳು

ಅಕ್ಕನ ಮಗಳ ಮದುವೆಗೆ ನಾನು ಎರಡು ಹುದ್ದೆಗಳಲ್ಲಿ ಹಾಜರಿದ್ದೆ. ಒಂದು ಸೋದರಮಾವನದು, ಇನ್ನೊಂದು ವಿಡಿಯೊದವನದು. ಮೊದಲನೆಯದು ತಾನಾಗಿ ಬಂದದ್ದು. ಎರಡನೆಯದು ಬೆಳಗಾವಿಯಲ್ಲಿ ಇಪ್ಪತ್ತೆಂಟು ವರ್ಷ ಕಂಡವರ ಮದುವೆಗಳನ್ನೆಲ್ಲ ಹೆಗಲ ಮೇಲೆ ಹೊತ್ತು ಸಂಪಾದಿಸಿದ್ದು. ತೊಡಕು ಇಷ್ಟೇ: ನಮ್ಮಲ್ಲಿ ಅಂತರಪಟ ಹಿಡಿದು ಮಂಗಳಾಷ್ಟಕ ಹೇಳುವಾಗ ಮದುಮಗಳ ಬೆನ್ನ ಹಿಂದೆ ಸೋದರಮಾವ ನಿಂತಿರಬೇಕು. ಹಾಗೆ ನಿಂತವನ ಹೆಗಲ ಮೇಲೆ ಕ್ಯಾಮೆರಾ ಇದ್ದರೆ ಚೆನ್ನಾಗಿ ಕಾಣುವುದಿಲ್ಲ.

"ಸ್ಟ್ಯಾಂಡಿನ ಮ್ಯಾಲೆ ಇಟ್ಟು, ಚಾಲೂ ಮಾಡಿ ಬಂದು ನಿಂದರತೀನಿ ಅಕ್ಕಾ," ಎಂದೆ.

"ಅಕ್ಕಿಕಾಳು ಯಾವಾಗ ಬೀಳ್ತಾವ ಅಂತ ಸ್ಟ್ಯಾಂಡಿಗೆ ಏನ್ ತಿಳೀತೈತೋ ತಮ್ಮಾ? ನಮ್ಮ ಖಾನಾಪುರದಾಗ ಒಬ್ಬಾಂವ ಅದಾನ. ಛಲೋ ತೆಗೀತಾನ. ಅದೊಂದು ತಾಸು ಅವ ತೆಗೀಲಿ. ಮುಂದಿಂದೆಲ್ಲ ನೀನ ಜೋಡಸು."

'ಛಲೋ ತೆಗೀತಾನ' ಎಂಬ ಮಾತನ್ನು ನನ್ನ ಒಡಹುಟ್ಟಿದವಳ ಬಾಯಿಂದ ನಾನು ಆವರೆಗೆ ಕೇಳಿದ್ದಿಲ್ಲ. ನನ್ನ ಬಗ್ಗೆ ಅವಳು ಹೇಳುತ್ತಿದ್ದದ್ದು 'ಪಾಪ, ಭಾಳ ಒದ್ದಾಡತಾನ' ಎಂದು.

ಆ ಒಬ್ಬಾಂವ ಖಾನಾಪುರದ ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ ಇಟ್ಟುಕೊಂಡವನು, ನನಗಿಂತ ಹತ್ತು ವರ್ಷ ಚಿಕ್ಕವನು, ಹೊಟ್ಟೆ ಇಲ್ಲದವನು. ಅವನ ಕ್ಯಾಮೆರಾ ಅಂಗೈಯಲ್ಲಿ ಹಿಡಿಸುತ್ತಿತ್ತು. ನನ್ನದನ್ನು ಹೆಗಲಿಗೇರಿಸುವಾಗ ಪಕ್ಕದವರು ಎರಡು ಹೆಜ್ಜೆ ಸರಿದು ನಿಲ್ಲುತ್ತಾರೆ. ಅವನು ಬೀಗರನ್ನು ಮರಾಠಿಯಲ್ಲಿ ನಗಿಸಿದ, ನಮ್ಮವರನ್ನು ಕನ್ನಡದಲ್ಲಿ ನಗಿಸಿದ. ನಾನು ಎರಡೂ ಭಾಷೆಗಳಲ್ಲಿ 'ಈ ಕಡೆ ನೋಡ್ರಿ' ಎನ್ನುವುದರಾಚೆಗೆ ಬೆಳೆದವನಲ್ಲ. ಇಷ್ಟನ್ನೂ ಕ್ಷಮಿಸಬಹುದಿತ್ತು. ಆದರೆ ಅವನು ನನ್ನನ್ನು ಕಂಡ ಕೂಡಲೇ ಬಗ್ಗಿ ಕಾಲು ಮುಟ್ಟಿ, "ಅಣ್ಣಾರ, ನಿಮ್ಮ ಕೆಲಸ ನೋಡೇ ನಾವು ಕಲತೀವ್ರಿ," ಎಂದ. ಮತ್ಸರ ಪಡುವ ಮನುಷ್ಯನಿಗೆ ಎದುರಿನವನ ವಿನಯದಂಥ ತೊಂದರೆ ಬೇರೆ ಇಲ್ಲ. ಹಿಡಿದುಕೊಳ್ಳಲು ಒಂದು ಗೂಟವೂ ಸಿಗುವುದಿಲ್ಲ.

ಮದುವೆಯಾದ ಮೂರನೆಯ ದಿನ ಅವನ ಹಾರ್ಡ್ ಡಿಸ್ಕ್ ನನ್ನ ಕೈಗೆ ಬಂತು. ಒಳಗೆ ನಲವತ್ತೊಂದು ಫೈಲುಗಳು. ಪ್ರತಿಯೊಂದರ ಹಣೆಯ ಮೇಲೂ ಅವನ ಸ್ಟುಡಿಯೊದ ಹೆಸರು, ಆಮೇಲೆ ಒಂದು ನಂಬರು, ಕೊನೆಗೆ ಒಂದು ಚುಕ್ಕೆ ಮತ್ತು ಇಂಗ್ಲಿಷಿನ ಎರಡು ಅಕ್ಷರ, ಒಂದು ಅಂಕಿ. ನನ್ನ ಕಂಪ್ಯೂಟರಿನಲ್ಲಿ, ನನ್ನ ಅಕ್ಕನ ಮಗಳ ಮದುವೆಯಲ್ಲಿ, ಆ ಹೆಸರು ನಲವತ್ತೊಂದು ಸಲ. ಬೆಳಗಾವಿಯ ಸದಾಶಿವನಗರದ ನನ್ನ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಟೇಪಿನ ಕಾಲದಲ್ಲಿ ಪ್ರತಿ ಕ್ಯಾಸೆಟ್ಟಿನ ಚೀಟಿಯ ಮೇಲೆ ಮೊದಲು 'ಶ್ರೀ' ಬರೆದು, ಕೆಳಗೆ ಕಾರ್ಯದ ಹೆಸರು ಬರೆಯುತ್ತಿದ್ದೆ. ಮೆಮರಿ ಕಾರ್ಡು ಬಂದ ಮೇಲೆ ಆ ಚೀಟಿ ತಪ್ಪಿಹೋಗಿತ್ತು. ನನ್ನ ಕ್ಯಾಮೆರಾದ ಫೈಲುಗಳು ಕಾರ್ಡಿನಿಂದ ನೆಟ್ಟಗೆ ಎಡಿಟಿಂಗ್ ಸಾಫ್ಟ್‌ವೇರಿಗೆ ಹೋಗುತ್ತಿದ್ದವು, ಅವುಗಳ ಹೆಸರನ್ನು ನಾನು ಮುಟ್ಟಿದವನೇ ಅಲ್ಲ. ಈಗ ಮಾತ್ರ ಸಂಪ್ರದಾಯದ ಮೇಲೆ ಒಮ್ಮೆಲೇ ಭಕ್ತಿ ಉಕ್ಕಿತು. ಒಂದೊಂದೇ ಫೈಲನ್ನು ಹಿಡಿದು, ಇದ್ದ ಹೆಸರನ್ನು ತಲೆಯಿಂದ ಕಾಲಿನವರೆಗೆ ಅಳಿಸಿ, 'ಶ್ರೀ ಮಂಗಳಾಷ್ಟಕ', 'ಶ್ರೀ ಅಂತರಪಟ', 'ಶ್ರೀ ಅಕ್ಷತಾ' ಎಂದು ಹೊಡೆದೆ. ಪ್ರತಿ ಸಲವೂ ಕಂಪ್ಯೂಟರು ಏನೋ ಎಚ್ಚರಿಕೆ ಕೊಟ್ಟು 'ಖಚಿತವೇ?' ಎಂದು ಕೇಳಿತು. ಕಂಪ್ಯೂಟರು ಕೇಳಿದ್ದಕ್ಕೆಲ್ಲ ಹೌದೆನ್ನುವುದು ನನ್ನ ರೂಢಿ. ನಲವತ್ತೊಂದು ಸಲ ಹೌದೆಂದೆ.

ಆಮೇಲೆ ಸಾಫ್ಟ್‌ವೇರಿಗೆ ಕರೆದೆ. ಒಂದೂ ಬರಲಿಲ್ಲ. 'ಈ ಬಗೆಯ ಫೈಲು ನನಗೆ ಗೊತ್ತಿಲ್ಲ' ಎಂಬರ್ಥದ ಕೆಂಪು ಸಾಲೊಂದು ಬಂತು.

ನನ್ನ ಮೊದಲ ಭಾವನೆ ಸಂತೋಷ. ಇದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಆದರೂ ಕರ್ತವ್ಯವೆಂದು ಉಪಚಾರ ನಡೆಸಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಡಿಸ್ಕಿನ ವಯರು ಬದಲಿಸಿದೆ. ಫೈಲುಗಳನ್ನು ಬೇರೆ ಡ್ರೈವಿಗೆ ಹಾಕಿದೆ. ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದೆ. ಬರೀ ನೋಡುವುದಕ್ಕೆಂದು ಇರುವ ಬೇರೊಂದು ಪ್ಲೇಯರಿನೊಳಗೆ 'ಶ್ರೀ ಅಂತರಪಟ'ವನ್ನು ಎಳೆದು ಬಿಟ್ಟರೆ ಅದು ಸೊಗಸಾಗಿ ಓಡಿತು. ಬಿಳಿ ಬಟ್ಟೆ, ಅದರ ಹಿಂದಿನಿಂದ ಸೋಸಿ ಬರುವ ಬೆಳಕು, ಬಟ್ಟೆಯ ಅಂಚಿನಲ್ಲಿ ಹುಡುಗಿಯ ಬೆರಳುಗಳು. ಮೂರು ಸೆಕೆಂಡು ನೋಡಿ ಮುಚ್ಚಿದೆ. ಇಪ್ಪತ್ತೆಂಟು ವರ್ಷದಲ್ಲಿ ಬಟ್ಟೆಯ ಹಿಂದೆ ಬೆಳಕಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ.

ಚಹಾ ತಂದಿದ್ದ ಹೆಂಡತಿ ಹಿಂದೆ ನಿಂತು ನೋಡಿದ್ದಳು. "ಇದರಾಗ ಕಾಣತೈತಲ್ರೀ, ಅದರಾಗ ಯಾಕ ಬರವಲ್ದು?"

"ಇದು ಬರೇ ನೋಡೂದು, ಅದು ಕೆಲಸ ಮಾಡೂದು. ಎರಡಕ್ಕೂ ಫರಕ್ ಐತಿ. ಅವನ ಕ್ಯಾಮೆರಾದಾಗ ಏನೋ ದೋಷ."

"ಮಾರಿ ನೋಡಿದ್ರ ಹಬ್ಬ ಬಂದಂಗ ಕಾಣತೈತಿ ನಿಮಗ," ಎಂದು ಅವಳು ಕಪ್ಪು ಇಟ್ಟು ಹೋದಳು.

ಅಕ್ಕನಿಗೆ ಫೋನು ಮಾಡಿದೆ. ವೈದ್ಯರು ಹೊರಗೆ ಬಂದು ಹೇಳುವ ಧ್ವನಿಯಲ್ಲಿ, "ಅವನ ಫೈಲ್ ಕೆಟ್ಟಾವ ಅಕ್ಕಾ. ಎಲ್ಲಾ ಪ್ರಯತ್ನ ಮಾಡಿದೆ," ಎಂದೆ.

"ಹಂಗಾರ ನೀ ಆಕಿ ಹಿಂದ ನಿಂತದ್ದು ಇರೂದಿಲ್ಲನು?"

"ಇಲ್ಲ."

"ಆಕಿ ಅದೊಂದ ಕೇಳ್ಯಾಳೋ ತಮ್ಮಾ. ಮಾಮಾ ನನ್ನ ಹಿಂದ ನಿಂತದ್ದು ಅತ್ತಿ ಮನಿಯವರಿಗೆ ತೋರಸಬೇಕು ಅಂತ. ಐತವಾರ ಊಟಕ್ಕ ಎಲ್ಲಾರೂ ಬರಾಕತ್ತಾರ."

ಆ ಹುಡುಗಿ ಐದನೆಯ ಇಯತ್ತೆಯಿಂದ ಹತ್ತರವರೆಗೆ ನಮ್ಮ ಮನೆಯಲ್ಲಿದ್ದು ಸಾಲಿ ಕಲಿತವಳು. ಉದ್ಯಮಬಾಗದ ಕಾರ್ಖಾನೆಯಲ್ಲಿರುವ ವರನನ್ನು ಮೊದಲು ನೋಡಿ ಬಂದವನೂ ನಾನೇ. ಫೋನು ಇಟ್ಟ ಮೇಲೆ ಸಂತೋಷ ಅರ್ಧಕ್ಕೆ ಇಳಿಯಿತು. ಉಳಿದರ್ಧವನ್ನು ಜೊತೆಗಿಟ್ಟುಕೊಂಡೇ ಶನಿವಾರ ಬೆಳಿಗ್ಗೆ ಡಿಸ್ಕು ಹಿಡಿದು ಖಾನಾಪುರದ ಬಸ್ಸು ಹತ್ತಿದೆ. ಫೈಲು ತೆರೆಯಲಿ ಎಂಬುದು ಒಂದು ಆಸೆ. ಅವನಿಂದಲೂ ತೆರೆಯದಿರಲಿ ಎಂಬುದು ಇನ್ನೊಂದು. ದೇಸೂರು ದಾಟುವವರೆಗೂ ಎರಡೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತಿದ್ದವು.

"ಬರ್ರಿ ಅಣ್ಣಾರ, ಕುಂದರ್ರಿ," ಎಂದು ಅವನು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. ಡಿಸ್ಕು ಚುಚ್ಚಿದ. ತೆರೆಯ ಮೇಲೆ ನನ್ನ ನಲವತ್ತೊಂದು ಶ್ರೀಕಾರಗಳು ಸಾಲಾಗಿ ನಿಂತವು. ಪ್ರತಿಯೊಂದರ ಪಕ್ಕದಲ್ಲೂ ಚಿತ್ರವಿರಬೇಕಾದಲ್ಲಿ ಖಾಲಿ ಬಿಳಿ ಹಾಳೆ.

ಅವನು ಬಹಳ ಹೊತ್ತು ನೋಡಿದ. ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ಹೆಸರು ಭಾಳ ಛಲೋ ಇಟ್ಟೀರಿ," ಎಂದ. "ಆದ್ರ ಹಿಂದಿನ ಬಾಲ ಹೋಗೇತ್ರಿ. ಚುಕ್ಕಿ ಆದಮ್ಯಾಲೆ ಎಂಪಿ ನಾಲ್ಕು ಅಂತ ಇರ್ತಿತ್ತಲ್ರೀ, ಅದನ್ನ ನೋಡೇ ಸಾಫ್ಟ್‌ವೇರು ಗುರ್ತು ಹಿಡೀತೈತಿ. ಆ ಪ್ಲೇಯರು ಒಳಗ ಏನೈತಿ ಅಂತ ನೋಡತೈತಿ, ಅದಕ್ಕ ಓಡತೈತಿ."

"ನಮ್ಮಲ್ಲಿ ಹೆಸರು ಬದಲ್ ಮಾಡೂದು ಪದ್ಧತಿ," ಎಂದೆ.

"ಹೌದ್ರಿ, ಇರಬೇಕ್ರಿ."

ಯಾಕೆ ಎಂದು ಅವನು ಕೇಳಲಿಲ್ಲ. ಬಾಲದ ಜೊತೆ ಇನ್ನೇನು ಅಳಿಸಿಹೋಗಿದೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು. ಒಂದು ಫೈಲಿಗೆ ತಾನೇ ಬಾಲ ಹಚ್ಚಿ, ನನಗೆ ಕಾಣುವಂತೆ ಸಾವಕಾಶ ಹಚ್ಚಿ, ಅದನ್ನು ಸಾಫ್ಟ್‌ವೇರಿಗೆ ಎಳೆದ. ತಕರಾರಿಲ್ಲದೆ ಬಂದು ಕುಳಿತಿತು. "ಉಳಿದಾವು ನೀವ ಹಚ್ಚತೀರಿ?" ಎಂದು ಕೀಬೋರ್ಡನ್ನು ನನ್ನ ಕಡೆ ಸರಿಸಿ ಚಹಾ ಹೇಳಲು ಹೋದ. ನಲವತ್ತು ಬಾಲಗಳನ್ನು ಒಬ್ಬನೇ ಕುಳಿತು ಹಚ್ಚಿದೆ. ಪ್ರಾಯಶ್ಚಿತ್ತಗಳಲ್ಲಿ ಇದಕ್ಕಿಂತ ಬೆರಳು ನೋಯುವಂಥದ್ದು ಇರಲಾರದು.

ಕೊನೆಗೆ 'ಶ್ರೀ ಅಂತರಪಟ' ತೆರೆದು ಪೂರ್ತಿ ನೋಡಿದೆವು. ಬಟ್ಟೆ ಸರಿಯುತ್ತದೆ. ಅಕ್ಕಿಕಾಳು ಬೀಳುತ್ತವೆ. ಹುಡುಗಿ ಒಂದು ಕ್ಷಣ ಕತ್ತು ಹೊರಳಿಸಿ ಹಿಂದೆ ನಿಂತ ಮಾಮಾನ ಕಡೆ ನೋಡಿ ನಗುತ್ತಾಳೆ. ಆ ನಗೆಯನ್ನು ಹಿಡಿಯಲು ಅವನು ಎಲ್ಲಿ ನಿಂತಿದ್ದನೋ ತಿಳಿಯದು, ನಾನಾದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಮಾಮಾ ಮಾತ್ರ ಅವಳನ್ನು ನೋಡುತ್ತಿಲ್ಲ. ತುಟಿ ಬಿಗಿಹಿಡಿದು, ಕಣ್ಣು ಕಿರಿದು ಮಾಡಿ, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಿದ್ದಾನೆ. ಈ ಮಗ ಯಾವ ಕೋನದಿಂದ ತೆಗೆಯುತ್ತಿದ್ದಾನೆ ಎಂದು ಲೆಕ್ಕ ಹಾಕುತ್ತಿರುವುದು ನನಗಂತೂ ಸ್ಪಷ್ಟವಿತ್ತು.

"ಇಷ್ಟು ತುಂಡು ತೆಗದ ಬಿಡೂಣೇನ್ರಿ?" ಎಂದು ಅವನು ಮೆಲ್ಲಗೆ ಕೇಳಿದ.

ಎಡಿಟರ್ ನಾನು. ಕತ್ತರಿ ನನ್ನ ಕೈಯಲ್ಲೇ ಇತ್ತು. ಆದರೆ ನನ್ನ ಮಾರಿ ಕತ್ತರಿಸಿದರೆ ಅವಳ ನಗೆಯೂ ಹೋಗುತ್ತಿತ್ತು. ಎರಡೂ ಅದೇ ನಾಲ್ಕು ಸೆಕೆಂಡಿನಲ್ಲಿದ್ದವು.

"ಇರಲಿ," ಎಂದೆ.

ಭಾನುವಾರ ಅಕ್ಕನ ಮನೆಯಲ್ಲಿ ಎಲ್ಲರೂ ತಾಟು ಹಿಡಿದು ಟಿವಿಯ ಮುಂದೆ ಕುಳಿತರು. ಅಕ್ಕ ಅವನನ್ನೂ ಕರೆದಿದ್ದಳು. ಆರಂಭದಲ್ಲಿ ಅವನ ಹೆಸರು ಹಾಕಿದ್ದೆ, ನನ್ನದರ ಕೆಳಗೆ, ಒಂದಿಷ್ಟು ಸಣ್ಣ ಅಕ್ಷರದಲ್ಲಿ. ಆ ನಾಲ್ಕು ಸೆಕೆಂಡು ಬಂದಾಗ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ನೋಡ್ರಿ ನಮ್ಮ ತಮ್ಮನ್ನ. ಅಳು ಹೆಂಗ ತಡಕೊಂಡಾನ."

ಮದುಮಗಳು ನನ್ನ ಕಡೆ ತಿರುಗಿದಳು. "ಖರೇನ ಮಾಮಾ?"

ನಾನು ಬಾಯಿ ತೆರೆಯುವುದರೊಳಗೆ ನನ್ನ ಹೆಂಡತಿ, "ಹೌದವಾ, ಅವತ್ತು ಅವರಿಗೆ ಭಾಳ ಸಂಕಟ ಆಗಿತ್ತು," ಎಂದು ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಮೂಲೆಯಲ್ಲಿ ಕುಳಿತಿದ್ದ ಆ ಖಾನಾಪುರದವನು ತಾಟಿನಿಂದ ತಲೆ ಎತ್ತಲೇ ಇಲ್ಲ. ಅದನ್ನೂ ಅವನು ಛಲೋ ಮಾಡಿದ.