ಆಡಾದ ಶೇಷಮ್ಮ

ಬಳೆ ಮಾರುವ ಶೇಷಮ್ಮನಿಗೆ ಒಗಟೆಂದರೆ ಪ್ರಾಣ. ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದ ಕಾಲ. ಅವಳು ಕೂತಿದ್ದ ಕಾರ್ಗಲ್ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತು. ಕಂಡಕ್ಟರ್ ವಾಸಪ್ಪ ತನಗೂ ಬಿಡಿಸಲಾಗದ ಒಗಟೊಂದನ್ನು ಎಲ್ಲರ ಮುಂದಿಟ್ಟ: "ಹುಲಿ, ಆಡು, ಹುಲ್ಲು ಮೂರನ್ನೂ ಹೊಳೆ ದಾಟಿಸ್ಬೇಕು. ದೋಣೀಲಿ ಅಂಬಿಗನ ಜೊತೆ ಒಂದಕ್ಕೇ ಜಾಗ. ಅವ್ನಿಲ್ದಾಗ ಒಂದನ್ನೊಂದು ತಿನ್ಬಾರ್ದು."

ಶೇಷಮ್ಮ ರಸ್ತೆಯಲ್ಲಿ ಹೊಳೆಯೆಂದು ಗೆರೆ ಎಳೆದು ತಾನೇ ಆಡಾದಳು. ಅದೇ ಬಸ್ಸಿನಲ್ಲಿದ್ದ ಮೀಸೆಯ ಮೇಸ್ತ್ರಿ ಪುಟ್ಟಪ್ಪ ಹುಲಿಯಾದ. ರಸ್ತೆ ಬದಿಯಲ್ಲಿ ಕಿತ್ತ ಒಂದು ಹಿಡಿ ಹುಲ್ಲೇ ಹುಲ್ಲಾಯಿತು. ಅಂಬಿಗನಾದ ವಾಸಪ್ಪ ಮೊದಲು ಆಡನ್ನು, ಆಮೇಲೆ ಹುಲಿಯನ್ನು ದಾಟಿಸಿ, ಹುಲ್ಲು ತರಲು ಹೊರಟ. ಪುಟ್ಟಪ್ಪ ಗುರ್ರೆಂದ.

"ಇವ್ನ ಜೊತೆ ನಾನೊಬ್ಳೇ ನಿಲ್ಲಲ್ಲ ಮಾರಾಯಾ! ನನ್ನನ್ನೂ ವಾಪಸ್ ಕರ್ಕಂಡ್ ಹೋಗು!" ಎಂದು ಶೇಷಮ್ಮ ನಗುತ್ತಾ ಕೂಗಿದಳು.

"ಅದೇ ಉತ್ರ!" ಎಂದು ವಾಸಪ್ಪ ಕುಣಿದ. ಆಡನ್ನು ವಾಪಸ್ ತಂದು, ಹುಲ್ಲು ದಾಟಿಸಿ, ಕೊನೆಗೆ ಆಡನ್ನೇ ಮತ್ತೆ ಒಯ್ದರಾಯಿತು.

ಚಕ್ರ ಬದಲಿಸಿ ಡ್ರೈವರ್ ಹಾರ್ನ್ ಹೊಡೆದರೂ ಶೇಷಮ್ಮ ಕೊನೆಯ ಸಲ ಗೆರೆ ದಾಟುವ ತನಕ ಯಾರೂ ಬಸ್ಸು ಹತ್ತಲಿಲ್ಲ.