ದೊರೆಯ ತೇಗಿನಲ್ಲಿ ಇಂಗಿನ ವಾಸನೆ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಮಾಟ, ಮಂತ್ರ ಯಾವುದನ್ನೂ ನಾನು ನಂಬಿದವನಲ್ಲ. ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಹುಡುಗರು ಯಾರಾದರೂ ಹುಣಸೆಮರದ ದೆವ್ವದ ಮಾತೆತ್ತಿದರೆ ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆ ಹುಡುಗರೆಲ್ಲ ಇದನ್ನೋದಿ ನನ್ನ ಕಿವಿ ಹಿಂಡಲು ಬಂದರೆ ಬರಲಿ. ಅರವತ್ತರ ದಶಕದ ಆರಂಭದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನನಗೆ ಮದುವೆಯಾಗಿರಲಿಲ್ಲ, ಅದರ ಬದಲು ನಾಯಿಗಳಿದ್ದವು. ಯಾರೂ ಸಾಕದಂಥವು: ಕಾಲು ಮುರಿದದ್ದು, ಕಣ್ಣಿಲ್ಲದ್ದು, ಫಿಟ್ಸ್ ಬರುವಂಥದ್ದು. ಔಷಧಿ ಹಾಕಿ, ಆದಷ್ಟು ಗುಣಮಾಡಿ, ಯಾರ ಕೈಕಾಲಾದರೂ ಹಿಡಿದು ಒಂದು ಮನೆ ಸೇರಿಸುತ್ತಿದ್ದೆ. ಕುರುಡು ನಾಯಿ ಸಾಲಗಾಮೆಯ ಗೌಡರೊಬ್ಬರ ಮನೆಗೆ ಹೋಯಿತು. ಮೂರು ಕಾಲಿನದು ಶ್ರವಣಬೆಳಗೊಳದ ಅಂಗಡಿಯೊಂದರ ಬಾಗಿಲಲ್ಲಿ ಯಜಮಾನಿಕೆ ನಡೆಸುತ್ತಿತ್ತು.

ಮನೆಯಲ್ಲಿ ನನ್ನ ಜೊತೆಗಿದ್ದವಳು ಸೋದರತ್ತೆ, ಸುಬ್ಬತ್ತೆ. ಹುಟ್ಟಿದ ತಿಂಗಳಲ್ಲೇ ತಾಯಿಯನ್ನು ಕಳೆದುಕೊಂಡ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅವಳ ಮಡಿ ಎಂದರೆ ಮಡಿ, ನಾಯಿಯ ನೆರಳು ಬಿದ್ದರೂ ತಲೆಗೆ ಸ್ನಾನ. ಆದರೂ ಹಿತ್ತಿಲಲ್ಲಿ ಇರುವಷ್ಟು ಕಾಲ ಗೊಣಗಿಕೊಂಡೇ ಸಹಿಸುತ್ತಿದ್ದಳು.

ಕೆಟ್ಟದ್ದು ದೊರೆ ಬಂದಾಗ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಕೆಂಚು ನಾಯಿ, ಬರೀ ಮೂಳೆ ಚರ್ಮ. ಬನ್ನು ಹಾಕಿದೆ, ತಿಂದ ಹಾಗೆಯೇ ಕಕ್ಕಿತು. “ಏನಾಕುದ್ರೂ ಇಂಗೇಯ ಸಾ, ಒಳೀಕೇ ಓಗಕಿಲ್ಲ. ನಾಳೆ ನಾಡಿದ್ದು ಸಾಯ್ತದೆ ಬುಡಿ,” ಎಂದ ಹೋಟೆಲಿನವನು. ಬಿಡಲಾಗಲಿಲ್ಲ, ಚೀಲದಲ್ಲಿ ತುಂಬಿಕೊಂಡು ತಂದೆ. ಮೂರನೆಯ ದಿನ ಅದು ಹಿತ್ತಿಲಿಂದ ನುಗ್ಗಿ ಬಂದು ತುಳಸಿಕಟ್ಟೆಯ ಮುಂದೆಯೇ ಕಕ್ಕಿತು.

“ಈ ಮನೇಲಿ ಅದಿರಲಿ, ಇಲ್ಲ ನಾನಿರ್ತೀನಿ. ಯಾರು ಬೇಕು ಹೇಳು,” ಎಂದಳು ಅತ್ತೆ.

ನನ್ನ ನಾಲಗೆಗೆ ಬೆಂಕಿ ಬೀಳ! “ಅದಕ್ಕೆ ಹೋಗೋಕೆ ಬೇರೆ ಮನೆ ಇಲ್ವಲ್ಲ ಅತ್ತೆ,” ಎಂದುಬಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಅವಳು ಹಾಸನದಲ್ಲಿದ್ದ ಮಗಳು ಕಮಲಳ ಮನೆಗೆ ಹೊರಟುಹೋದಳು. ಎರಡು ತಿಂಗಳು ಒಂದು ಕಾಗದವಿಲ್ಲ. ನಾನು ಬರೆದದ್ದಕ್ಕೂ ಉತ್ತರವಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಅವಳು ಹೋದ ಮರುವಾರ ದೊರೆಯ ರೋಗದ ಗುಟ್ಟು ಸಿಕ್ಕಿತು. ಪಶು ಆಸ್ಪತ್ರೆಯ ಕಾಂಪೌಂಡರ್ ತಿಮ್ಮೇಗೌಡ ಅದರ ಗಂಟಲನ್ನು ಸವರಿ ಸವರಿ ನೋಡಿ, “ಇದ್ರ ಅನ್ನದ ನಾಳ ಜೋಲುಬಿದ್ದದೆ ಸಾ. ತಾನಾಗಿ ಕೆಳೀಕೆ ತಳ್ಳಾಕಿಲ್ಲ. ನಿಲ್ಸಿ ತಿನ್ಸಿ, ಆಮ್ಯಾಕೆ ಕೂಸ್ನ ಎತ್ಕಂಡಂಗೆ ಎಗಲ ಮ್ಯಾಲೆ ಆಕ್ಕಂಡು ತೇಗೋಗಂಟ ಬೆನ್ನು ತಟ್ಟಿ,” ಎಂದ. ನೆಲದ ಮೇಲೆ ಹಾಕಿದ್ದನ್ನು ತಿಂದು ಅದು ಶ್ವಾಸಕೋಶಕ್ಕೆ ಹೋದರೆ ಮುಗಿಯಿತು. ಪೂರ್ತಿ ಚೇತರಿಸಿಕೊಳ್ಳುವವರೆಗೆ ಎರಡು ದಿನ ಹೊಟ್ಟೆಗೆ ಬೀಳದಿದ್ದರೂ ಮುಗಿಯಿತು ಎಂದು ಹೆದರಿಸಿಯೂ ಕಳಿಸಿದ.

ಒಂದು ಮರದ ಪೆಟ್ಟಿಗೆ ತಂದೆ. ಅದರಲ್ಲಿ ಹಿಂಗಾಲ ಮೇಲೆ ನಿಂತು, ಮುಂಗಾಲು ಅಂಚಿಗೆ ಊರಿ ತಲೆಯೆತ್ತಿ ರಾಗಿ ಅಂಬಲಿ ಕುಡಿಯುವ ಅದರ ಗತ್ತು ನೋಡಿಯೇ ದೊರೆ ಎಂದು ಹೆಸರಿಟ್ಟದ್ದು. ದಿನಕ್ಕೆ ನಾಲ್ಕು ಸಲ ಅಂಬಲಿ, ಆಮೇಲೆ ಕಾಲು ಗಂಟೆ ನನ್ನ ಹೆಗಲು. ಬೀದಿಯಲ್ಲಿ ಹೋಗುವವರು ಕಿಟಕಿಗೆ ಬಗ್ಗಿ, “ಮೇಷ್ಟ್ರ ಮಗ ಎಂಗವ್ನೆ?” ಎಂದು ಕೇಳಿ ಹೋಗುತ್ತಿದ್ದರು. ನಗಲಿ ಬಿಡಿ, ಅದರ ಮೈ ತುಂಬುತ್ತಾ ಬಂದಿತ್ತು.

ಒಂದು ಮಳೆಗಾಲದ ಶುಕ್ರವಾರ ಅರಕಲಗೂಡಿನ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಬೇಕಾಯಿತು. ಸಂಜೆಗೆ ವಾಪಸು ಎಂದುಕೊಂಡು ದೊರೆಗೆ ತಿನ್ನಿಸಿ, ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮುಂಬಾಗಿಲಿಗೆ ಬೀಗ ಜಡಿದೆ. ಇದ್ದದ್ದು ಒಂದೇ ಕೀಲಿಕೈ, ಅದು ನನ್ನ ಜೇಬಿನಲ್ಲಿ. ಎದುರುಮನೆಯ ಹಾಲಿನ ನಿಂಗಮ್ಮನಿಗೆ, ಪಾಪ ಅಂದುಕೊಂಡು ಕಿಟಕಿಯಿಂದ ಏನೂ ಎಸೆಯಬೇಡ ಎಂದು ಹೇಳಿ ಹೋದೆ.

ಮಧ್ಯಾಹ್ನ ಹಿಡಿದ ಮಳೆ ಬಿಡಲೇ ಇಲ್ಲ. ದಾರಿಯ ಹಳ್ಳ ಉಕ್ಕಿ ಬಸ್ಸು ನಿಂತುಹೋಗಿ ಅರಕಲಗೂಡಿನಲ್ಲೇ ಉಳಿಯಬೇಕಾಯಿತು. ಶನಿವಾರ ಬೆಳಿಗ್ಗೆ ಅಂಚೆ ಕಚೇರಿಗೆ ಓಡಿ, ತಿಮ್ಮೇಗೌಡನಿಗೆ “ಬೀಗ ಒಡೆದು ನಾಯಿಯನ್ನು ನಿಲ್ಲಿಸಿ ಉಣ್ಣಿಸಿ” ಎಂದು ತಂತಿ ಬರೆದುಕೊಟ್ಟೆ. ಗುಮಾಸ್ತ ಅದನ್ನು ಎರಡು ಸಲ ಓದಿ, “ನಮ್ಮನೆ ನಾಯಿ ಕೂತ್ಕಂಡೇ ಉಣ್ತದೆ ಸಾ. ಇರ್ಲಿ, ಲೈನೇ ಬಿದ್ದೋಗದೆ, ನಿಂತ್ರೂ ಓಗಕಿಲ್ಲ ಕೂತ್ರೂ ಓಗಕಿಲ್ಲ,” ಎಂದ. ಆ ಎರಡು ದಿನ ನನ್ನ ಗಂಟಲಲ್ಲೂ ತುತ್ತು ಇಳಿಯಲಿಲ್ಲ. ಅದರ ರೋಗ ನನಗೇ ಅಂಟಿತೇನೋ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಊರು ಸೇರಿದೆ. ಹೂಳುವುದೆಲ್ಲಿ ಎಂದೂ ಯೋಚಿಸಿಬಿಟ್ಟಿದ್ದೆ. ಬಾಗಿಲು ತೆರೆದರೆ ದೊರೆ ಬಾಲ ಆಡಿಸಿಕೊಂಡು ಬಂದು ಮೈಮೇಲೆ ಹಾರಿದ! ಹೊಟ್ಟೆ ಗುಂಡಗಿತ್ತು. ಎಲ್ಲೂ ಕಕ್ಕಿದ ಗುರುತಿಲ್ಲ. ತಬ್ಬಿಕೊಂಡು ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆಯೇನಿಲ್ಲ. ಆಗಲೇ ಅವನು ನನ್ನ ಮುಖದ ಮೇಲೆ ಒಂದು ತೇಗು ತೇಗಿದ. ಘಮ್ಮೆನ್ನುವ ಇಂಗಿನ ವಾಸನೆ.

ನಾನು ಅಂಬಲಿಗೆ ಇಂಗು ಹಾಕುವವನಲ್ಲ. ಇಂಗು ಹಾಕದೆ ನೀರನ್ನೂ ಕುಡಿಯದವಳು ಅತ್ತೆ. ಅಡುಗೆಮನೆಗೆ ಹೋದೆ. ಅಂಬಲಿ ಪಾತ್ರೆ ತೊಳೆದು ಕವುಚಿಟ್ಟಿತ್ತು. ಇಲಿ ಕಾಟಕ್ಕೆಂದು ನಾನು ಗುಂಡುಕಲ್ಲಿನಿಂದ ಬಡಿದು ಬಿಗಿಮಾಡಿದ್ದ ರಾಗಿಹಿಟ್ಟಿನ ಡಬ್ಬದ ಮುಚ್ಚಳ ಪಕ್ಕದಲ್ಲಿತ್ತು. ಹಿತ್ತಿಲ ಬಾಗಿಲ ಚಿಲಕ ಮಾತ್ರ ಹಾಕಿದ ಹಾಗೆಯೇ ಇತ್ತು.

ನಿಂಗಮ್ಮನನ್ನು ಕೇಳಿದೆ. “ಅಮ್ಮಾರು ಬಂದವ್ರಲ್ಲ ಸಾ!” ಎಂದಳು. “ನಿನ್ನೆ ಮಧ್ಯಾನ ಕಿಟ್ಕೀಲಿ ಕಂಡೆ, ಇವತ್ತು ಬೆಳಿಗ್ಗೇನೂ ಕಂಡೆ. ಮಡಿ ಸೀರೆ ಉಟ್ಕಂಡು, ನಾಯೀನ ಎಡಗಡೆ ಎಗಲ ಮ್ಯಾಲೆ ಆಕ್ಕಂಡು, ಟಪ್ ಟಪ್ ಟಪ್ ಅಂತ ಮೂರ್ಸಲ ತಟ್ಟೋರು, ಆಮ್ಯಾಕೆ ಒಂದ್ಸಲ ಕೆಳೀಕೆ ನೀವೋರು. ಬಾಯ್ಬುಟ್ಕಂಡು ನಿಂತಿದ್ರೆ, ಏನೇ ನೋಡ್ತೀಯ, ಹೋಗಿ ಎಮ್ಮೆ ನೋಡು ಅಂದ್ರು. ಓದೆ.”

“ಬೀಗ ಹಾಕಿತ್ತಲ್ಲ ನಿಂಗಮ್ಮ?”

“ದೊಡ್ಡೋರ ಇಸ್ಯ ನಮಗ್ಯಾಕ್ ಸಾ.”

ನಾನೋ ವಿಜ್ಞಾನದ ಮೇಷ್ಟ್ರು. ಅತ್ತೆ ಹೇಗೋ ಬಂದು ಹೋಗಿದ್ದಾಳೆ ಎಂದು ಲೆಕ್ಕ ಹಾಕಿ ಮರುದಿನ ರಜೆ ಬರೆದುಕೊಟ್ಟು ಹಾಸನಕ್ಕೆ ಹೋದೆ. ಕಮಲ ನನ್ನನ್ನು ಬಾಗಿಲಲ್ಲೇ ತಡೆದು ಪಿಸುಗುಟ್ಟಿದಳು: “ಅಮ್ಮಂಗೆ ಏನೋ ಆಗಿದೆ ಕಣೋ. ಶನಿವಾರದಿಂದ ಎಷ್ಟು ಸ್ನಾನ ಮಾಡಿದ್ದಾಳೋ ದೇವರೇ ಬಲ್ಲ. ಊಟ ಅರ್ಧಕ್ಕೇ ಬಿಟ್ಟು ಏಳ್ತಾಳೆ, ಕೈ ನಾಯಿ ವಾಸನೆ ಅಂತಾಳೆ. ನಮ್ಮನೇಲಿ ನಾಯಿ ಎಲ್ಲಿದೆ? ಎಡಗಡೆ ಹೆಗಲು ನೋವು ಅಂತ ಎಣ್ಣೆ ಬೇರೆ ಹಚ್ಚಿಸಿಕೊಂಡಳು.” ಈ ಮಳೆಯಲ್ಲಿ ಮನೆಬಿಟ್ಟು ಎಲ್ಲೂ ಹೋಗಿಲ್ಲವೆಂದು ಕಮಲ, ಅವಳ ಗಂಡ, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಹೇಳಿದರು.

ಒಳಗೆ ಹೋಗಿ ಅತ್ತೆಯ ಕಾಲಿಗೆ ಬಿದ್ದೆ. “ತಪ್ಪಾಯ್ತು. ಬಾ ಮನೆಗೆ,” ಎಂದೆ.

“ನಿನ್ನ ನಾಯಿ ಇನ್ನೂ ಸತ್ತಿಲ್ವೇನೋ?” ಎಂದಳು. ಆದರೆ ಅವಳ ಗಂಟು ಆಗಲೇ ಕಟ್ಟಿತ್ತು.

ಸಂಜೆ ಮನೆ ಸೇರಿದೆವು. ಹಿಂದೆ ಮೂರು ದಿನ ಅತ್ತೆಯ ಬೈಗುಳವನ್ನಷ್ಟೇ ಕಂಡಿದ್ದ ದೊರೆ ನೇರ ಅವಳ ಬಳಿಗೆ ಓಡಿ ಮುಂಗಾಲು ಎತ್ತಿದ, ಕೂಸು ಎತ್ತಿಕೋ ಎನ್ನುವ ಹಾಗೆ. “ಛೀ, ಛೀ, ದೂರ!” ಎನ್ನುತ್ತಲೇ ಅತ್ತೆ ಬಗ್ಗಿ ಅವನನ್ನು ಎಡಹೆಗಲಿಗೆ ಹಾಕಿಕೊಂಡಳು. ಟಪ್, ಟಪ್, ಟಪ್. ಆಮೇಲೆ ಒಂದು ಸಲ ಕೆಳಕ್ಕೆ ನೀವಿದಳು. ದೊರೆ ತೇಗಿದ.

ಅವನನ್ನು ಹೀಗೆ ಸಾಕಬೇಕೆಂದು ತಿಳಿದದ್ದೇ ಅವಳು ಮನೆ ಬಿಟ್ಟ ಮೇಲೆ. ನನ್ನ ಕಾಗದದಲ್ಲೂ ನಾಯಿಯ ಸುದ್ದಿ ಬರೆದಿರಲಿಲ್ಲ. “ಇದನ್ನ ಯಾರು ಹೇಳಿಕೊಟ್ಟರು ಅತ್ತೆ?” ಎಂದೆ.

“ಹೇಳಿಕೊಡಬೇಕೇನೋ? ನೀನೂ ಹೀಗೇ ಕಕ್ತಿದ್ದೆ. ಆರು ತಿಂಗಳು ಇದೇ ಹೆಗಲ ಮೇಲೆ ಬಿದ್ದಿದ್ದೆ. ಇಲ್ದಿದ್ರೆ ಉಳೀತಿದ್ದೆಯಾ?”

ತಟ್ಟುವುದಕ್ಕೆ ಉತ್ತರ ಸಿಕ್ಕಿತು. ಒಳಚಿಲಕ ಹಾಕಿದ ಬಾಗಿಲಿಗೆ ಇಂದಿಗೂ ಸಿಕ್ಕಿಲ್ಲ. ದೊರೆ ಮತ್ತೆ ಯಾರ ಮನೆಗೂ ಹೋಗಲಿಲ್ಲ, ಅತ್ತೆಯ ಹೆಗಲ ಮೇಲೆಯೇ ಆರು ವರ್ಷ ಬಾಳಿದ, ಅವಳು ದಿನಕ್ಕೆ ನಾಲ್ಕು ಸಲ ಸ್ನಾನ ಮಾಡಿದಳು. ಒಮ್ಮೆ ಧೈರ್ಯಮಾಡಿ, “ಆ ಶನಿವಾರ ನಿಜವಾಗಿ ಎಲ್ಲಿದ್ದೆ ಅತ್ತೆ?” ಎಂದು ಕೇಳಿದೆ.

“ಹಾಸನದಲ್ಲಿ. ಇನ್ನೆಲ್ಲಿರ್ತೀನಿ?” ಎಂದು ಬಚ್ಚಲಿಗೆ ಹೊರಟವಳು ಬಾಗಿಲಲ್ಲಿ ನಿಂತಳು. “ಅಂದಹಾಗೆ, ಇನ್ನೊಂದ್ಸಲ ಊರಿಗೆ ಹೋಗೋವಾಗ ಆ ರಾಗಿಹಿಟ್ಟಿನ ಮುಚ್ಚಳ ಅಷ್ಟು ಬಿಗಿಯಾಗಿ ಹಾಕಬೇಡ ಕಣೋ. ತೆಗೆಯೋಷ್ಟರಲ್ಲಿ ಜೀವ ಹೋಯ್ತು.”