ನನ್ನ ತಪ್ಪನ್ನು ಹೊತ್ತ ಗೇಟಜ್ಜಿ

ಅಜ್ಜಿಯ ಹತ್ತು ಬೆರಳ ತುದಿಗಳೂ ಹಿದುಕಿದ ಅವರೆಕಾಳಿನ ಹಾಗೆ ಬೆಳ್ಳಗೆ, ನುಣ್ಣಗೆ ಇದ್ದವು. ರಾಮನಗರದ ನೂಲು ಬಿಚ್ಚುವ ಫಿಲೇಚರ್ ಒಂದರಲ್ಲಿ ವರ್ಷಗಟ್ಟಲೆ ಬಿಸಿನೀರಿಗೆ ಕೈ ಅದ್ದಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳುಗಳವು. ನಮ್ಮ ಶಾಲೆಗೆ ಹಾಜರಿಯ ಬೆರಳೊತ್ತುವ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ಅವರೊಬ್ಬರನ್ನು ಬಿಟ್ಟು. ಒಂದೊಂದೇ ಬೆರಳನ್ನು ಒತ್ತಿ ಒತ್ತಿ ಸಾಕಾಗಿ, "ನನ್ ಗುರ್ತೆಲ್ಲ ಗೂಡಿನ್ ನೀರ್ಗೇ ಹೋಯ್ತು, ಬುಡಪ್ಪ" ಎಂದು ಯಂತ್ರ ಕೂರಿಸಲು ಬಂದವನಿಗೆ ಹೇಳಿ ನಕ್ಕುಬಿಟ್ಟರು.

ನಾನು ಎರಡನೇ ತರಗತಿಯ ಟೀಚರಾಗಿ ಸೇರಿದಾಗ ಅವರು ಆಗಲೇ ಗೇಟಿನಲ್ಲಿದ್ದರು. ಮಾಗಡಿ ಕಡೆ ಕಲ್ಯದವರು, ಕುರಿ ಸಾಕುವ ಮನೆಯ ಮಗಳು. ಮಕ್ಕಳಿಗೆಲ್ಲ ಗೇಟಜ್ಜಿ, ಹಾಗಾಗಿ ನಮಗೂ. ಓದು ಬರಹ ಬಾರದು. ಆದರೆ ಯಾವ ಮಗುವನ್ನು ಕರೆಯಲು ಯಾರು ಬರುತ್ತಾರೆ, ಯಾವ ಗಾಡಿಯಲ್ಲಿ ಬರುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲವೂ ಬಾಯಿಪಾಠ. ಸಂಜೆ ನಾನು ಮಕ್ಕಳ ಸಾಲನ್ನು ಎಣಿಸುತ್ತಾ ಗೇಟಿಗೆ ಬಂದರೆ ಅವರಿಗೆ ಸರಿಬರುತ್ತಿರಲಿಲ್ಲ.

"ತಲೆ ಎಣಿಸ್ಬೇಡಿ ಮಿಸ್ಸು, ಮಕ ನೋಡಿ. ನಮ್ಮಪ್ಪ ಕುರಿನೂ ಮಕ ನೋಡೇ ದೊಡ್ಡಿಗೆ ಕೂಡೋನು. ಬೇರೆಯೋರ್ದು ಒಂದು ಸೇರ್ಕೊಂಡು ನಮ್ದೊಂದು ತಪ್ಪಿಸ್ಕೊಂಡಿದ್ರೂ ಎಣಿಕೆ ಸರಿಯಾಗೇ ಇರ್ತದೆ."

ಸೇರಿದ ಮೊದಲ ವರ್ಷವೇ ಅದು ನಡೆಯಿತು. ಒಂದು ಬೆಳಿಗ್ಗೆ ನನ್ನ ತರಗತಿಯ ಹುಡುಗಿಯ ತಾಯಿ ಬಂದು, ಕೋರ್ಟಿನ ಕಾಗದ ತೋರಿಸಿ, "ಇನ್ಮೇಲೆ ನಾನು, ಇಲ್ಲಾಂದ್ರೆ ನಮ್ಮಮ್ಮ ಬಂದ್ರೆ ಮಾತ್ರ ಕಳ್ಸಿ ಮಿಸ್. ಅವ್ರಪ್ಪ ಬಂದ್ರೆ ಕಳಿಸ್ಬೇಡಿ" ಎಂದರು. ಆಗಲಿ ಎಂದೆ. ಆ ಮಾತನ್ನು ಗೇಟಿಗೆ ಮುಟ್ಟಿಸಬೇಕಾದವಳು ನಾನು. ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತೆ.

ಮಧ್ಯಾಹ್ನ ಮೂರಕ್ಕೆ ತಂದೆ ಬಂದರು. ಅಲ್ಲಿಯವರೆಗೆ ದಿನವೂ ಮಗಳನ್ನು ಬೈಕಿನಲ್ಲಿ ಬಿಟ್ಟು, ಅಜ್ಜಿಯನ್ನು ಮಾತನಾಡಿಸಿ ಹೋಗುತ್ತಿದ್ದ ಮನುಷ್ಯ. ಊರಿಗೆ ಹೋಗಬೇಕು, ಬೇಗ ಕಳಿಸಿ ಎಂದರಂತೆ. ನಾನು ಸ್ಟಾಫ್ ರೂಮಿನಲ್ಲಿದ್ದೆ. ತರಗತಿಯಲ್ಲಿದ್ದ ಇನ್ನೊಬ್ಬ ಟೀಚರು, ಏನೂ ತಿಳಿಯದೆ, ಮಗುವನ್ನು ಆಯಾ ಜೊತೆ ಕಳಿಸಿದರು. ಅಪ್ಪನನ್ನು ಕಂಡರೆ ಓಡುತ್ತಿದ್ದ ಆ ಹುಡುಗಿ ಅಂದು ಓಡಲಿಲ್ಲ. ಅಜ್ಜಿಯ ಬೆನ್ನ ಹಿಂದೆ ನಿಂತು ಸೆರಗು ಹಿಡಿದುಕೊಂಡಳು. ಅಜ್ಜಿ ತೆಗೆದ ಚಿಲಕವನ್ನು ಮತ್ತೆ ಹಾಕಿದರು.

"ಒಸಿ ತಡಿ ಮಗ. ಮಿಸ್ಸು ಬಂದು ಹೇಳ್ಲಿ."

"ನಾನ್ಯಾರು ಅಂತ ಗೊತ್ತಿಲ್ವಾ ನಿಂಗೆ? ದಿನಾ ನೋಡ್ತೀಯ!"

"ಗೊತ್ತು ಕಣಪ್ಪ. ಗೊತ್ತಿದ್ರೂ ಮಿಸ್ಸು ಬರ್ಲಿ."

ಆತ ಗೇಟನ್ನು ತಳ್ಳಿದ. ಚಿಲಕ ಕಿತ್ತು ಬಂದು ಕಬ್ಬಿಣ ಅಜ್ಜಿಯ ಭುಜಕ್ಕೆ ಬಡಿಯಿತು. ಅವರು ಗೇಟಿಗೆ ಬೆನ್ನು ಕೊಟ್ಟು ಕಾಲೂರಿ ನಿಂತರು. ಸದ್ದಿಗೆ ಓಡಿ ಬಂದ ನನಗೆ ಆತನ ಮುಖ ಕಂಡದ್ದೇ ಬೆಳಗಿನ ಮಾತು ನೆನಪಾಯಿತು. "ಬೇಡ ಅಜ್ಜಿ, ಕಳಿಸಬೇಡಿ" ಎಂದು ಕೂಗಿ ಮಗುವನ್ನು ಎತ್ತಿಕೊಂಡೆ. ಜನ ಸೇರಿದ ಮೇಲೆ ಆತ ತಳ್ಳುವುದನ್ನು ಬಿಟ್ಟು ಸರಳುಗಳಿಗೆ ಹಣೆಯಿಟ್ಟು ಅಳತೊಡಗಿದ. ಅಜ್ಜಿ ತಮ್ಮ ನೀರಿನ ಬಾಟಲಿಯನ್ನು ಸರಳುಗಳ ನಡುವೆಯೇ ಚಾಚಿ, "ಕುಡಿ ಮಗ" ಎಂದರು. ಗೇಟು ಮಾತ್ರ ತೆಗೆಯಲಿಲ್ಲ.

ಮರುದಿನ ತಾಯಿ ದೂರು ಕೊಟ್ಟರು. ಹೆಡ್ಮಾಸ್ಟರು ನನ್ನನ್ನೂ ಅಜ್ಜಿಯನ್ನೂ ಕರೆಸಿ, ಗೇಟಿಗೆ ವಿಷಯ ಯಾಕೆ ತಿಳಿಸಿರಲಿಲ್ಲ ಎಂದು ನನ್ನನ್ನು ಕೇಳಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು: "ಮಿಸ್ಸು ನೆನ್ನೆ ಬೆಳಗ್ಗೇನೇ ಹೇಳಿದ್ರು ಸಾ. ನಾನೇ ಮರ್ತ್‌ಬುಟ್ಟೆ. ವಯಸ್ಸಾಯ್ತಲ್ಲ."

ಇನ್ನೊಮ್ಮೆ ಹೀಗಾದರೆ ಗೇಟು ಬಿಡಿಸುತ್ತೇನೆ ಎಂದು ಅವರು ಅಜ್ಜಿಗೆ ಬೈದರು. ನಾನು ನೆಲ ನೋಡುತ್ತಾ ಸುಮ್ಮನೆ ನಿಂತಿದ್ದೆ.

ಹೊರಗೆ ಬಂದ ಮೇಲೆ, "ಯಾಕಜ್ಜಿ ಹಾಗಂದ್ರಿ?" ಎಂದು ಕೇಳಿದೆ. ನೊಂದ ಭುಜವನ್ನು ನೀವಿಕೊಳ್ಳುತ್ತಾ, "ನಿಮ್ದು ಈಗ ಸುರು, ನಂದು ಮುಗೀತಾ ಬಂತು. ಅದಿರ್ಲಿ, ಇನ್ಮೇಲೆ ಬಾಯಲ್ಲಿ ಹೇಳ್ಬೇಡಿ ಮಿಸ್ಸು, ಬರ್ದು ಗೇಟ್ಗೆ ಕೊಡಿ" ಎಂದರು.

"ನಿಮಗೆ ಓದೋಕೆ ಬರಲ್ವಲ್ಲ?"

"ಹಂಗಾದ್ರೆ ಫೋಟೋ ಅಂಟ್ಸಿ ಕೊಡಿ."

ಆ ವಾರವೇ ಒಂದು ಉದ್ದನೆಯ ನೋಟ್‌ಬುಕ್ ತಂದೆ. ಮಗುವಿಗೊಂದು ಪುಟ, ಮೇಲೆ ಮಗುವಿನ ಫೋಟೋ, ಕೆಳಗೆ ಕರೆದೊಯ್ಯಬಹುದಾದವರ ಫೋಟೋ, ಯಾರಾದರೂ ಬದಲಾದರೆ ಹೆತ್ತವರ ಸಹಿ. ಪರಿಚಯದವರು ಬಂದರೂ ಅಜ್ಜಿ ಪುಟ ತಿರುವಿ ನೋಡಿಯೇ ಕಳಿಸುವರು. ಒಮ್ಮೆ ಹೆಡ್ಮಾಸ್ಟರ ಹೆಂಡತಿಯೇ ಮೊಮ್ಮಗನನ್ನು ಕರೆಯಲು ಬಂದಾಗ, "ನಿಮ್ದು ಫೋಟೋ ಇಲ್ವಲ್ಲವ್ವ" ಎಂದು ಬೆಂಚಿನ ಮೇಲೆ ಕೂರಿಸಿದ್ದರು. ಆಮೇಲೆ ಶಾಲೆಗೆ ಕ್ಯಾಮೆರಾ ಬಂತು, ಎರಡನೇ ಗೇಟು ಬಂತು, ಸಮವಸ್ತ್ರದ ಕಾವಲುಗಾರರೂ ಬಂದರು. ಅವರಿಗೆ ಮೊದಲ ದಿನ ಕೈಗೆ ಕೊಡುವುದು ಮಾತ್ರ ಇಂದಿಗೂ ಆ ನೋಟ್‌ಬುಕ್ಕನ್ನೇ.

ಉಸಿರಾಟದ ತೊಂದರೆ ಹೆಚ್ಚಿ ಅಜ್ಜಿ ಕಲ್ಯಕ್ಕೆ, ತಂಗಿಯ ಮನೆಗೆ ಹೋದರು. ಎರಡು ಸಲ ಹೋಗಿ ನೋಡಿದೆ. ಎರಡನೇ ಸಲ, ಹೆಡ್ಮಾಸ್ಟರಿಗೆ ನಿಜ ಹೇಳಿಬಿಡುತ್ತೇನೆ ಎಂದೆ. ಅಲ್ಲಿಯವರೆಗೆ ಬಹುವಚನದಲ್ಲೇ ಮಾತನಾಡುತ್ತಿದ್ದವರು ನನ್ನ ಕೈ ಹಿಡಿದು, "ಸುಮ್ಕಿರವ್ವ ನೀನು. ಮಗು ಉಳೀತಲ್ಲ, ಅಷ್ಟು ಸಾಕು" ಎಂದರು. ಮೂರನೇ ಸಲ ಹೋಗಬೇಕೆಂದುಕೊಂಡ ಭಾನುವಾರ ಬರುವ ಮೊದಲೇ ಸುದ್ದಿ ಬಂತು.

ಮಣ್ಣು ಮಾಡಿ ಬಂದ ಮಾರನೆಯ ದಿನ ಹೆಡ್ಮಾಸ್ಟರ ಕೋಣೆಗೆ ಹೋಗಿ, ಮರೆತವಳು ನಾನು ಎಂದು ಹೇಳಿದೆ. ಅವರು, "ನನಗೆ ಅವತ್ತೇ ಗೊತ್ತಿತ್ತು ಮೇಡಂ. ಆಯಮ್ಮ ಯಾವತ್ತು ಏನನ್ನ ಮರೆತಿದ್ದಾಳೆ ಹೇಳಿ?" ಎಂದರು.

ಅಂದರೆ ಆ ಸುಳ್ಳನ್ನು ಆ ಕೋಣೆಯಲ್ಲಿ ಯಾರೂ ನಂಬಿರಲಿಲ್ಲ. ಆದರೂ ಬೈಸಿಕೊಂಡವರು ಅಜ್ಜಿಯೊಬ್ಬರೇ. ಈಗ ಹೊಸದಾಗಿ ಸೇರುವ ಪ್ರತಿ ಟೀಚರಿಗೂ ನನ್ನ ಮರೆವಿನ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತೇನೆ. ಅವರೆಲ್ಲ ಗಮನವಿಟ್ಟು ಕೇಳುತ್ತಾರೆ. ಕೇಳಬೇಕಾಗಿದ್ದ ಅಜ್ಜಿ ಇಲ್ಲ. ಬೇಡವೆಂದು ಎಷ್ಟೇ ಕೈ ಹಿಡಿದರೂ, ಅವರ ಕಿವಿಗೆ ಬೀಳುವ ಹಾಗೆ, ಅವರ ಎದುರಿಗೇ ಹೆಡ್ಮಾಸ್ಟರಿಗೆ ಒಮ್ಮೆ ನಿಜ ಹೇಳಿಬಿಡಬೇಕಿತ್ತು.